ಮೂರನೆಯ ನೀರು

ಆಗಸ್ಟ್ ೧೨

ತಂಗೀ,

ಬಂದು ಮುಟ್ಟಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನೆಲ್ಲ ಬಿಟ್ಟು ಇದನ್ನೇ ಹುಡುಕುತ್ತೀಯ. ಫೋನು ಮಾಡೋಣವೆಂದರೆ ನಮ್ಮ ಕಡೆಯ ಟವರ್ ಸತ್ತು ವರ್ಷವಾಯಿತು. ಪತ್ರವೇ ಗತಿ. ನಿನ್ನ ಪತ್ರಗಳನ್ನು ನೀರಿನ ಟ್ಯಾಂಕರಿನವನು ಪೇಟೆಯ ಅಂಚೆಪೆಟ್ಟಿಗೆಗೆ ಹಾಕುತ್ತಾನೆ ಎಂದಿದ್ದೆಯಲ್ಲ, ಅವನ ಹತ್ತಿರ ಜಗಳ ಆಡಬೇಡ.

ಈ ಕೇಂದ್ರ ಒಂದು ಹಳೆಯ ಗೋದಾಮಿನಲ್ಲಿದೆ. ಬರಕ್ಕೆ ಊರು ಬಿಟ್ಟು ಬಂದ ಹೆಂಗಸರಿಗೆ ಸಣ್ಣ ಉದ್ಯಮ ಕಲಿಸಿ, ಸಾಮಾನು ಕೊಟ್ಟು, ತಮ್ಮ ಕಾಲ ಮೇಲೆ ನಿಲ್ಲಿಸುತ್ತಾರಂತೆ. ನೋಡಿಕೊಳ್ಳುವ ಮೇಡಂ ಒಳ್ಳೆಯವರು. ಮೊದಲ ದಿನವೇ, "ನೀವು ಕೂಲಿಯವರಲ್ಲ, ಉದ್ಯಮಿಗಳು. ಅದನ್ನ ತಲೇಲಿ ಇಟ್ಕೊಳ್ಳಿ" ಎಂದರು. ಅವತ್ತಿನಿಂದ ನಮ್ಮಲ್ಲಿ ಅದೇ ಮಾತು. "ಏ ಉದ್ಯಮಿ, ನಿನ್ನ ಕಾಲು ತೆಗಿ, ನನ್ನ ಚಾಪೆ ಮೇಲಿದೆ." "ಗೊರಕೆ ಹೊಡಿಬೇಡ್ವೇ ಉದ್ಯಮಿ."

ಕೆಲವರು ಮೇಣದ ಬತ್ತಿ ಆರಿಸಿಕೊಂಡರು, ಕೆಲವರು ಹೊಲಿಗೆ. ನಮ್ಮ ಗುಂಪಿನದು ಬಟ್ಟೆ ಒಗೆಯುವುದು. ರಸ್ತೆಯ ಆಚೆ ದೊಡ್ಡ ಆಸ್ಪತ್ರೆಯಿದೆ. ಅಲ್ಲಿನ ಹಾಸಿಗೆ ಬಟ್ಟೆಗಳನ್ನೆಲ್ಲ ನಮಗೆ ಕೊಡುತ್ತಾರೆ. ನನ್ನ ಜೊತೆ ಕುಂಬಾರಗಿತ್ತಿ ಇದ್ದಾಳೆ, ತಿಗರಿ ಬಿಟ್ಟು ಬಂದವಳು. ಇನ್ನೊಬ್ಬಳು ಹಾಲಿನವಳು, ಎಮ್ಮೆಗಳನ್ನು ಕಳೆದುಕೊಂಡವಳು. ಇಬ್ಬರ ಬಾಯಿಯೂ ಜೋರು. ಅಮ್ಮನಿಗೆ ಹಿಡಿಸುತ್ತಿದ್ದರು.

ಒಂದು ವಿಷಯ ಬರೆಯಬೇಕು. ಇಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಸಾಬೂನು ನೀರು, ಆಮೇಲೆ ಬ್ಲೀಚಿಂಗ್ ನೀರು, ಆಮೇಲೆ ಜಾಲಿಸುವುದಕ್ಕೆ ಒಂದಾದ ಮೇಲೊಂದು ಮೂರು ಹೊಸ ನೀರು. ಪ್ರತಿಯೊಂದನ್ನೂ ಚರಂಡಿಗೆ ಬಿಡಬೇಕು, ಅದು ನಿಯಮ. ಮೂರನೆಯ ನೀರು ಹೋಗುವಾಗ ತೊಟ್ಟಿಯ ತಳ ಕಾಣುತ್ತದೆ, ಅಷ್ಟು ತಿಳಿ. ಮೊದಲ ದಿನ ಕುಂಬಾರಗಿತ್ತಿ ಓಡಿಹೋಗಿ ಚರಂಡಿಯ ಬಾಯಿಗೆ ಬಕೆಟ್ ಹಿಡಿದಳು. ಎಲ್ಲರೂ ನಕ್ಕೆವು. ನಗುವುದು ಬೇಗ ನಿಂತಿತು.

ಹಿಂಭಾಗದಲ್ಲಿ ಸಾಲು ಕೋಣೆಗಳಿವೆ. ಬೇಸಿಗೆಯವರೆಗೆ ಯಾವ ಗುಂಪಿನ ಉದ್ಯಮ ಮುಚ್ಚದೆ ನಡೆಯುತ್ತದೋ ಆ ಗುಂಪಿನವರಿಗೆ ತಲೆಗೊಂದು ಕೋಣೆ, ಮನೆಯವರನ್ನು ಕರೆಸಿಕೊಳ್ಳಬಹುದು. ಅಲ್ಲಿಯವರೆಗೆ ಮಕ್ಕಳನ್ನು ತರುವಂತಿಲ್ಲ. ನಾನು ಆಗಲೇ ಒಂದನ್ನು ನೋಡಿ ಇಟ್ಟಿದ್ದೇನೆ. ಕಿಟಕಿಯ ಕೆಳಗೆ ಪೀಪಿ, ಬಾಗಿಲ ಬಳಿ ಅಮ್ಮ, ನಡುವೆ ನಾವಿಬ್ಬರು. ಪೀಪಿಗೆ ಹೇಳು, ಅವಳಮ್ಮ ಕಿಟಕಿ ಹಿಡಿದಿಟ್ಟಿದ್ದಾಳೆ ಎಂದು.

ಅಕ್ಕ


ಸೆಪ್ಟೆಂಬರ್ ೯

ಅಕ್ಕಾ,

ನಿನ್ನ ಪತ್ರ ಟ್ಯಾಂಕರಿನವನ ಜೇಬಿನಲ್ಲಿ ಬೆವರು ಕುಡಿದು ಬಂತು. ಅಮ್ಮನಿಗೆ ಎರಡು ಸಲ ಓದಿದೆ. ಎಮ್ಮೆ ಕಳೆದುಕೊಂಡವಳ ವಿಷಯ ಬಂದಾಗ ಅಮ್ಮ, "ಎಮ್ಮೆ ಹೋದ್ರೆ ಹೋಗ್ಲಿ, ಬಾಯಿ ಉಳಿದಿದೆಯಲ್ಲ" ಎಂದಳು.

ಬಾವಿಯ ಮಾತು ಬಿಡು. ಟ್ಯಾಂಕರ್ ಬಂದ ದಿನ ಮಾತ್ರ ನೀರು. ಬಿಂದಿಗೆಗಳೆಲ್ಲ ತುಂಬಿದ ಮೇಲೆ ಅವನು ನಲ್ಲಿ ಕಟ್ಟಿದರೂ ಪೈಪು ಸ್ವಲ್ಪ ಹೊತ್ತು ತೊಟ್ಟಿಕ್ಕುತ್ತದೆ. ನಿನ್ನ ಮಗಳು ಅದರ ಕೆಳಗೆ ಅಂಗೈ ಒಡ್ಡಿ ನಿಲ್ಲುತ್ತಾಳೆ. "ಏ, ಪೈಪು ನೆಕ್ತೀಯೇನೆ?" ಎಂದು ಅವನು ಗದರಿದ. ಇವಳು ಊರಿಗೇ ಕೇಳುವ ಹಾಗೆ, "ಟ್ಯಾಂಕು ನಿಮ್ದು, ತೊಟ್ಟು ನಂದು" ಎಂದಳು. ಪೀಪಿ ಎಂದು ಸುಮ್ಮನೆ ಹೆಸರಿಟ್ಟೆವಾ? ಅವನಿಗೂ ನಗು ಬಂತು. ಈಗ ಅವಳ ಅಂಗೈ ತುಂಬುವವರೆಗೆ ಗಾಡಿ ತೆಗೆಯುವುದಿಲ್ಲ. ಅದರಲ್ಲಿ ಮುಖ ತೊಳೆದು, ಒದ್ದೆ ಕೈಯನ್ನು ಅಜ್ಜಿಯ ಕಣ್ಣಿಗೆ ಒತ್ತುತ್ತಾಳೆ.

ಮೂರನೆಯ ನೀರು ಚರಂಡಿಗೆ ಹೋಗುತ್ತದೆ ಎಂಬ ಸಾಲನ್ನು ನಾನು ಪೀಪಿಗೆ ಓದಲಿಲ್ಲ. ಅಲ್ಲಿಗೆ ಬಂದಾಗ ಕೆಮ್ಮಿ ಮುಂದೆ ಹೋದೆ. ಅಮ್ಮನಿಗೆ ಮಾತ್ರ ಆಮೇಲೆ ಓದಿದೆ. ಓದಬಾರದಿತ್ತೇನೋ. ಅಮ್ಮ ಹೇಳಿ ಬರೆಸಿದ್ದು ಕೆಳಗಿದೆ, ನನ್ನನ್ನು ಬೈಯಬೇಡ.

"ಅಲ್ವೇ, ನೀರು ಚೆಲ್ಲೋದು ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ನನ್ನ ಹೊಟ್ಟೇಲಿ ಹುಟ್ಟಿ ನೀರು ಚೆಲ್ಲೋಳು ನೀನೊಬ್ಬಳೇ. ನಿನ್ನ ಮಗಳು ಇಲ್ಲಿ ತೊಟ್ಟು ಎಣಿಸ್ತಿದಾಳೆ. ಬಾಗಿಲ ಹತ್ರ ನಾನ್ಯಾಕೆ ಮಲಗ್ಲಿ, ನಾನೇನು ನಾಯೀನಾ?"

ತಂಗಿ


ಅಕ್ಟೋಬರ್ ೩

ತಂಗೀ,

ನಿನ್ನ ಪತ್ರವನ್ನು ಒಗೆಯುವ ಜಾಗದಲ್ಲೇ ಎಲ್ಲರಿಗೂ ಗಟ್ಟಿಯಾಗಿ ಓದಿದೆ. ಅಮ್ಮನ ಮಾತಿಗೆ ಹಾಲಿನವಳು ತೊಟ್ಟಿಯ ಅಂಚು ಹಿಡಿದುಕೊಂಡು ನಕ್ಕಳು. "ಆ ತಾಯೀನ ಇಲ್ಲಿಗೆ ಕರೆಸೇ, ಮೇಡಂಗೂ ನಾಲ್ಕು ಬಿಡ್ಲಿ" ಎಂದಳು. ಬಾಗಿಲ ಬಳಿ ಬೇಡವಾದರೆ ಕಿಟಕಿಯನ್ನೇ ಬಿಟ್ಟುಕೊಡುತ್ತೇವೆಂದು ಅಮ್ಮನಿಗೆ ಹೇಳು.

ಪೀಪಿಯ ಅಂಗೈಯ ವಿಷಯ ಓದುವಾಗಲೂ ನಲ್ಲಿ ಸುರಿಯುತ್ತಲೇ ಇತ್ತು. ಕುಂಬಾರಗಿತ್ತಿ ಎದ್ದುಹೋಗಿ ಅದನ್ನು ನಿಲ್ಲಿಸಿದಳು.

ಮರುದಿನದಿಂದ ಮೂರನೆಯ ನೀರು ಹಿಡಿಯುವುದನ್ನು ಬಿಟ್ಟೆವು. ಆಮೇಲೆ ಎರಡನೆಯದನ್ನೂ ಬಿಟ್ಟೆವು. ಇದನ್ನು ಯಾರೂ ಕೂತು ತೀರ್ಮಾನಿಸಲಿಲ್ಲ, ತಾನಾಗಿಯೇ ಆಯಿತು. ಈಗ ಒಂದು ತೊಟ್ಟಿಯ ನೀರಿನಲ್ಲೇ ಬಟ್ಟೆಯನ್ನು ಮೂರು ಸಲ ಅದ್ದಿ ತೆಗೆಯುತ್ತೇವೆ. "ಮೂರು ಅಂದ್ರೆ ಮೂರೇ ಆಯ್ತಲ್ಲ" ಎನ್ನುತ್ತಾಳೆ ಹಾಲಿನವಳು. ಹಾಗೆ ಉಳಿದ ನೀರಿನ ಲೆಕ್ಕಕ್ಕೆ ಅಷ್ಟೇ ಹೊಸ ನೀರು ಹಿಡಿದು, ಗೋದಾಮಿನ ಹಿಂದೆ ಬಿದ್ದಿದ್ದ ನೀಲಿ ಡ್ರಮ್ಮುಗಳಿಗೆ ತುಂಬಿಸಿ ಮುಚ್ಚಳ ಹಾಕುತ್ತೇವೆ. ಯಾತಕ್ಕೆ ಎಂದು ಯಾರೂ ಯಾರನ್ನೂ ಕೇಳಿಲ್ಲ. ಸಂಜೆ ಮುಚ್ಚಳ ತೆಗೆದು ಒಂದು ಸಲ ನೋಡಿ ಬಂದರೆ ಚೆನ್ನಾಗಿ ನಿದ್ದೆ ಬರುತ್ತದೆ.

ಬಟ್ಟೆ ಬೆಳ್ಳಗೇ ಕಾಣುತ್ತದೆ. ಆಸ್ಪತ್ರೆಯವರು ಇನ್ನಷ್ಟು ವಾರ್ಡುಗಳ ಬಟ್ಟೆ ಕೊಡುತ್ತಾರಂತೆ. ಮೇಡಂ ಖುಷಿಯಾಗಿದ್ದಾರೆ. ಅಮ್ಮನಿಗೆ ಹೇಳು, ಅವಳ ಹೊಟ್ಟೆಯಲ್ಲಿ ಹುಟ್ಟಿದ ಯಾರೂ ಈಗ ನೀರು ಚೆಲ್ಲುತ್ತಿಲ್ಲ ಎಂದು.

ಅಕ್ಕ


ನವೆಂಬರ್ ೧೮

ಅಕ್ಕಾ,

ಡ್ರಮ್ಮುಗಳ ವಿಷಯ ಓದಿ ಹೇಳಿದೆ. ಪೀಪಿ ಬಾಯಿಗೆ ಬೆರಳಿಟ್ಟುಕೊಂಡು ಕೇಳಿ, "ಅಲ್ಲಿ ಉಳಿಸಿದ ನೀರು ಇಲ್ಲಿಗೆ ಬರೋ ದಾರಿ ಇದೆಯಾ ಚಿಕ್ಕಮ್ಮಾ?" ಎಂದಳು. ನೀರು ಇಲ್ಲಿಗೆ ಬರುವುದಿಲ್ಲ, ನಾವೇ ಅಲ್ಲಿಗೆ ಹೋಗುವುದು ಎಂದೆ. ಆಗಿನಿಂದ ಡ್ರಮ್ಮುಗಳು ತನಗಾಗಿ ಇಟ್ಟದ್ದು ಎಂದುಕೊಂಡಿದ್ದಾಳೆ. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಟ್ಯಾಂಕರ್ ಈಗ ವಾರಕ್ಕೊಮ್ಮೆ. ಬಟ್ಟೆ ಒಗೆಯುವುದನ್ನು ಬಿಟ್ಟಿದ್ದೇವೆ. ಬಿಸಿಲಿಗೆ ಹಾಕಿ ಕೊಡವಿ, ಒಳಗು ಹೊರಗು ಮಾಡಿ ತೊಡುತ್ತೇವೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಬೀದಿಯಲ್ಲಿ ಎಲ್ಲರದೂ ಅದೇ ವಾಸನೆ. ನೀನು ಅಷ್ಟು ದೂರದಲ್ಲಿ ಊರವರದ್ದೆಲ್ಲ ಒಗೆಯುತ್ತೀಯ, ನಿನ್ನ ಮನೆಯದು ಹೀಗೆ. ತಮಾಷೆಗೆ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಮ್ಮನಿಗೆ ಎದ್ದು ಕೂರುವುದು ಸ್ವಲ್ಪ ಕಷ್ಟ. ಚಳಿ ಕಳೆದರೆ ಸರಿಹೋಗುತ್ತದೆ. ಬಾಯಿ ಮಾತ್ರ ಕುಳಿತಿಲ್ಲ. ಇದೋ:

"ಡ್ರಮ್ಮು ಡ್ರಮ್ಮು ಅಂತ ಜಂಬ ಕೊಚ್ಬೇಡ. ಒಂದನ್ನ ಹೊತ್ತು ತಂದು ನನ್ನ ಮುಂದೆ ಇಳಿಸು, ಆಗ ನಂಬ್ತೀನಿ. ಕಿಟಕಿ ಹುಡುಗೀಗೇ ಇರ್ಲಿ. ನಾನು ಎಲ್ಲಿ ಬೇಕಾದ್ರೂ ಬಿದ್ಕೊಳ್ತೀನಿ. ಬೇಗ ಕರೆಸ್ಕೋ."

ತಂಗಿ


ಡಿಸೆಂಬರ್ ೨೦

ತಂಗೀ,

ಕೆಲಸ ಹೆಚ್ಚಾಗಿದೆ, ಅದಕ್ಕೇ ಬರೆಯುವುದು ತಡವಾಯಿತು. ಹೆರಿಗೆ ವಾರ್ಡಿನ ಬಟ್ಟೆಯೂ ಈಗ ನಮಗೇ. ಎಳೆಮಕ್ಕಳಿಗೆ ಹಾಸುವ, ಸುತ್ತುವ ಚಿಕ್ಕ ಚಿಕ್ಕ ತುಂಡುಗಳು. ಹಗ್ಗದ ಮೇಲೆ ಹಾಕಿದರೆ ಕೊಕ್ಕರೆ ಸಾಲು ಕೂತ ಹಾಗೆ ಕಾಣುತ್ತವೆ. ಪೀಪಿ ಹುಟ್ಟಿದಾಗ ಅವಳಪ್ಪನ ಹಳೆಯ ಪಂಚೆ ಹರಿದು ಮಾಡಿದ ತುಂಡುಗಳು ನೆನಪಾಗುತ್ತವೆ. ಅವರು ಇದ್ದಿದ್ದರೆ ಇದೆಲ್ಲ ಬೇರೆ ತರಹ ಇರುತ್ತಿತ್ತು.

ವಾರ್ಡಿನ ನರ್ಸು ಒಂದು ಗಂಟು ಬಟ್ಟೆ ವಾಪಸು ಕಳಿಸಿದ್ದಾರೆ. ಒರಟಾಗಿದೆ, ಏನೋ ವಾಸನೆಯಿದೆ ಎಂದರಂತೆ. ಸಾಬೂನು ಪುಡಿ ಬದಲಾಗಿತ್ತು, ಅದಕ್ಕೇ ಇರಬೇಕು. ದೊಡ್ಡ ವಿಷಯವೇನಲ್ಲ. ಇಲ್ಲಿ ಎಲ್ಲ ಸರಿಯಿದೆ.

ಅಮ್ಮನ ಚಳಿ ಕಳೆಯಿತೇ? ಅವಳ ಬೈಗುಳ ಬರಲಿ, ಇಲ್ಲಿ ಎಲ್ಲರೂ ಕಾಯುತ್ತಿದ್ದಾರೆ.

ಅಕ್ಕ


ಜನವರಿ ೨೨

ಅಕ್ಕಾ,

ನಾವು ಇದ್ದೇವೆ. ಅಮ್ಮ ಮಲಗಿದ್ದಾಳೆ, ಎಬ್ಬಿಸಲಿಲ್ಲ. ಹಾಗಾಗಿ ಈ ಸಲ ಅವಳ ಮಾತಿಲ್ಲ.

ಶಾಲೆಯ ಮೇಷ್ಟ್ರು ಊರು ಬಿಟ್ಟರು. ಪೀಪಿ ಮೊದಲಿನಷ್ಟು ಕೂಗುವುದಿಲ್ಲ. ದೊಡ್ಡವಳಾಗುತ್ತಿದ್ದಾಳೆ. ಟ್ಯಾಂಕರಿನವನು ಪೈಪಿಗೆ ಹೊಸ ವಾಷರ್ ಹಾಕಿಸಿದ್ದಾನೆ. ಈಗ ತೊಟ್ಟಿಕ್ಕುವುದಿಲ್ಲ. ಅವನನ್ನು ಬೈಯುವಂತಿಲ್ಲ, ಮೇಲಿನವರು ಹೇಳಿದರಂತೆ. ಆದರೂ ಇವಳು ಹೋಗಿ ಅಂಗೈ ಒಡ್ಡಿಕೊಂಡು ನಿಲ್ಲುತ್ತಾಳೆ. ಬಾರೇ ಎಂದು ಕರೆದರೆ, "ಇರಿ ಚಿಕ್ಕಮ್ಮಾ, ಬಂದ್ರೂ ಬರಬಹುದು" ಎನ್ನುತ್ತಾಳೆ. ಗಾಡಿ ಹೋದ ಮೇಲೂ ನಿಂತಿರುತ್ತಾಳೆ.

ಕೋಣೆ ಯಾವಾಗ ಸಿಗುತ್ತದೆ? ನಿನ್ನನ್ನು ಅವಸರಪಡಿಸುತ್ತಿಲ್ಲ. ಅಲ್ಲಿಂದ ಎದ್ದು ಬರುವ ಯೋಚನೆಯನ್ನಂತೂ ಮಾಡಲೇಬೇಡ. ಏನೇ ಆದರೂ ಕೆಲಸ ಬಿಡಬೇಡ. ಇದೊಂದು ಮಾತು ನಡೆಸಿಕೊಡು.

ತಂಗಿ


ಫೆಬ್ರುವರಿ ೧೫

ತಂಗೀ,

ಅಮ್ಮ ಯಾಕೆ ಮುಖ ಊದಿಸಿಕೊಂಡಿದ್ದಾಳೆ? ಮಲಗಿದ್ದಾಳೆ, ಎಬ್ಬಿಸಲಿಲ್ಲ ಎಂದು ನೀನು ಬರೆದರೆ ನಾನು ನಂಬುತ್ತೇನೆಯೇ? ಅಮ್ಮ ನಿದ್ದೆಯಲ್ಲೂ ಬೈಯುತ್ತಾಳೆ. ಕರೆಸಿಕೊಳ್ಳುವುದು ತಡವಾಯಿತೆಂದು ನನ್ನ ಮೇಲೆ ಕೋಪವಿರಬೇಕು. ಇರಲಿ. ಕೋಪ ಇಳಿದ ಮೇಲೆ ಎರಡು ಮಾತು ಬರೆಸು.

ಈ ಪತ್ರದ ಜೊತೆ ಒಂದು ಫೋಟೋ ಇದೆ. ಯಾರೋ ದೊಡ್ಡವರು ಕೇಂದ್ರ ನೋಡಲು ಬಂದಾಗ ತೆಗೆದದ್ದು. ನಲ್ಲಿಯ ಪಕ್ಕ ನಿಂತವಳು ನಾನು, ಗುರುತು ಸಿಕ್ಕಿತೇ? ದಪ್ಪಗಾಗಿದ್ದೇನೆ ಅಲ್ಲವೇ? ಬಾಯಿ ತೆರೆದಿರುವವಳು ಹಾಲಿನವಳು. ಕುಂಬಾರಗಿತ್ತಿ ಡ್ರಮ್ಮಿನ ಮೇಲೆ ಕೈಯಿಟ್ಟುಕೊಂಡು ಆನೆ ಹಿಡಿದವಳ ಹಾಗೆ ನಿಂತಿದ್ದಾಳೆ. ನೀರು ಸುರಿಯುವುದು ಚೆನ್ನಾಗಿ ಬಿದ್ದಿದೆ. ಪೀಪಿಗೆ ತೋರಿಸು.

ಕೋಣೆಯ ಮಾತು ಬೇಸಿಗೆಗೆ ಎಂದಿದ್ದಾರೆ. ನೋಡೋಣ.

ಅಕ್ಕ


ಮಾರ್ಚ್ ೧೦

ಅಕ್ಕಾ,

ಫೋಟೋವನ್ನು ಗೋಡೆಗೆ ಅಂಟಿಸಿದ್ದೇವೆ. ಬೀದಿಯಲ್ಲಿ ಉಳಿದಿರುವ ನಾಲ್ಕು ಮನೆಯವರೂ ಬಂದು ನೋಡಿದರು. ನಿನ್ನನ್ನಲ್ಲ, ನಲ್ಲಿಯನ್ನು. ಪೀಪಿ ದಿನಾ ಬೆಳಿಗ್ಗೆ ಡ್ರಮ್ಮುಗಳನ್ನು ಎಣಿಸುತ್ತಾಳೆ. ನೀನು ದಪ್ಪಗಾಗಿರುವುದು ನಿಜ. ನೋಡಿ ಎಷ್ಟೋ ಸಮಾಧಾನವಾಯಿತು. ನಮ್ಮಲ್ಲಿ ಒಬ್ಬಳಾದರೂ ದಡ ಸೇರಿದಳಲ್ಲ.

ಟ್ಯಾಂಕರ್ ಇನ್ನು ಬರುವುದಿಲ್ಲವೆಂಬ ಮಾತಿದೆ. ಅವನು ಬರದಿದ್ದರೆ ಪತ್ರ ಹೇಗೆ ಕಳಿಸುವುದೋ ತಿಳಿಯದು. ಪತ್ರ ಬರದಿದ್ದರೆ ಗಾಬರಿಯಾಗಬೇಡ. ನಾನೂ ಆಗುವುದಿಲ್ಲ. ನಿನ್ನಿಂದ ಪತ್ರವಿಲ್ಲದಿದ್ದರೆ ಕೆಲಸ ಹೆಚ್ಚಾಗಿದೆ ಎಂದುಕೊಳ್ಳುತ್ತೇನೆ.

ಅಮ್ಮ ಹೇಳಿದ್ದು:

"ಮಗಳೇ, ನಿನ್ನ ಮೇಲೆ ನನಗೆ ಕೋಪ ಇಲ್ಲ. ಕೈ ನೋಯಿಸ್ಕೋಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಏನು ಮಾಡಿದ್ರೂ ನಮ್ಮ ಒಳ್ಳೇದಕ್ಕೇ ಮಾಡ್ತೀಯ ಅಂತ ನನಗೆ ಗೊತ್ತು."

ತಂಗಿ


ಏಪ್ರಿಲ್ ೧೪

ತಂಗೀ,

ಅಮ್ಮನ ಮಾತನ್ನು ಎಷ್ಟು ಸಲ ಓದಿದೆನೋ. ಹುಟ್ಟಿದಾಗಿನಿಂದ ಅವಳು ನನಗೆ ಹೀಗೆ ಹೇಳಿದ್ದಿಲ್ಲ. ವಯಸ್ಸು ಅವಳನ್ನೂ ಮೆತ್ತಗೆ ಮಾಡಿತು. ಕೋಪವಿಲ್ಲ ಎಂದಳಲ್ಲ, ಅದರಿಂದಲೇ ಈ ಪತ್ರ ಬರೆಯುವ ಧೈರ್ಯ ಬಂದಿದೆ. ಇದನ್ನು ಅವಳಿಗೆ ಪೂರ್ತಿ ಓದು. ಎಲ್ಲೂ ಕೆಮ್ಮಬೇಡ.

ಕೆಲಸ ಹೋಗಿದೆ. ಫೆಬ್ರುವರಿ ಮೊದಲಲ್ಲೇ ಹೋಯಿತು. ಫೋಟೋ ತೆಗೆದದ್ದು ನವೆಂಬರಿನಲ್ಲಿ.

ಹೊಸ ವರ್ಷದ ಮೊದಲ ವಾರ ಹೆರಿಗೆ ವಾರ್ಡಿನ ನರ್ಸು ಖುದ್ದಾಗಿ ಬಂದರು. ಹಗ್ಗದ ಮೇಲೆ ಒಣಗಿದ್ದ ಒಂದು ತುಂಡು ಬಟ್ಟೆ ತೆಗೆದು, "ಇದು ಒಗೆದಾಗಿದೆಯಾ?" ಎಂದು ಕೇಳಿದರು. ಹೌದು ಸಿಸ್ಟರ್ ಎಂದೆ. ಬಕೆಟ್ಟಿನಲ್ಲಿ ತಿಳಿನೀರು ತರಿಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಕಲಕಿದರು. ನೀರು ಹಾಲಿನ ಹಾಗೆ ಬೆಳ್ಳಗಾಯಿತು, ಮೇಲೆ ನೊರೆ ಕಟ್ಟಿತು.

"ಜಾಲಿಸೋಕೆ ಎಷ್ಟು ನೀರು ಹಾಕಿದ್ರಿ?"

"ಮೂರು" ಎಂದೆ.

"ಮೂರು ನೀರಾ, ಮೂರು ಸಲ ಅದ್ದಿದ್ದಾ?"

ಕುಂಬಾರಗಿತ್ತಿಗೆ ಏನೂ ಅರ್ಥವಾಗಿರಲಿಲ್ಲ. ಅವಳು ನರ್ಸಿನ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗಿ, ಡ್ರಮ್ಮುಗಳ ಮುಚ್ಚಳ ಒಂದೊಂದಾಗಿ ತೆಗೆದು ತೋರಿಸಿದಳು. "ನೋಡಿ ಸಿಸ್ಟರ್, ಒಂದು ತೊಟ್ಟೂ ಪೋಲು ಮಾಡಿಲ್ಲ." ಕೆಲವು ಡ್ರಮ್ಮುಗಳಲ್ಲಿ ನೀರು ಹಸಿರುಗಟ್ಟಿತ್ತು. ನರ್ಸು ತಲೆಯ ಮೇಲೆ ಕೈಯಿಟ್ಟುಕೊಂಡರು. ಮೇಡಂ ಓಡಿ ಬಂದರು. ಬೈಯುತ್ತಾರೆ ಎಂದುಕೊಂಡೆವು, ಅವರು ಅತ್ತುಬಿಟ್ಟರು. "ನಲ್ಲಿ ಇದೆಯಲ್ರಮ್ಮಾ. ತಿರುಗಿಸಿದ್ರೆ ಬರುತ್ತಲ್ರಮ್ಮಾ. ಯಾಕೆ ಹೀಗೆ ಮಾಡಿದ್ರಿ?"

ಹಾಲಿನವಳು ಒಬ್ಬಳೇ ಉತ್ತರ ಕೊಟ್ಟಳು. "ಇವತ್ತು ಬರುತ್ತೆ ಮೇಡಂ" ಎಂದಳು.

ನಾನು ವಾರ್ಡಿಗೆ ಹೋದೆ. ಯಾರೂ ಹೋಗು ಎನ್ನಲಿಲ್ಲ, ನಾನೇ ಹೋದೆ. ಹುಟ್ಟಿ ಮೂರ್ನಾಲ್ಕು ದಿನದ ಮಕ್ಕಳು. ಬೆನ್ನು, ತೊಡೆ, ಕತ್ತಿನ ಮಡಿಕೆ, ಬ್ಲೀಚಿಂಗ್ ಉಳಿದ ಬಟ್ಟೆ ತಾಗಿದಲ್ಲೆಲ್ಲ ಚರ್ಮ ಸುಟ್ಟ ಹಾಗೆ ಕೆಂಪಾಗಿತ್ತು. ಒಬ್ಬಳು ಹಸಿ ಬಾಣಂತಿ ಮಗುವನ್ನು ಮಗ್ಗುಲಾಗಿಸಲು ಕಷ್ಟಪಡುತ್ತಿದ್ದಳು, ನಾನು ಹಿಡಿದುಕೊಂಡೆ. "ಇರುವೆ ಕಚ್ಚಿರಬೇಕು ಅಂದ್ಕೊಂಡ್ವಿ ಅಕ್ಕಾ" ಎಂದಳು. ನಾನು ಯಾರು ಎಂದು ಅವಳಿಗೆ ಹೇಳಲಿಲ್ಲ. ಮಗು ನನ್ನ ಬೆರಳು ಹಿಡಿದುಕೊಂಡಿತ್ತು.

ನರ್ಸು ಇನ್ನೊಂದು ಅವಕಾಶ ಕೊಟ್ಟರು. ಯಾರೂ ಅಷ್ಟು ಮಾಡುವುದಿಲ್ಲ. ಎದುರಿಗೆ ನಿಂತು ಮೂರು ಹೊಸ ನೀರು ಹಾಕಿಸಿ ತೋರಿಸಿಕೊಟ್ಟರು. ಜನವರಿಯೆಲ್ಲ ಚೆಲ್ಲಿದೆವು. ಕುಂಬಾರಗಿತ್ತಿ ಕಣ್ಣು ಮುಚ್ಚಿಕೊಂಡು ಚೆಲ್ಲುತ್ತಿದ್ದಳು. ಡ್ರಮ್ಮುಗಳನ್ನೂ ಉರುಳಿಸಿ ಖಾಲಿ ಮಾಡಿದೆವು. ಮಕ್ಕಳ ಚರ್ಮ ವಾಸಿಯಾಗುತ್ತಿತ್ತು. ಆಮೇಲೆ ಒಂದು ದಿನ ನಲ್ಲಿ ಮತ್ತೆ ನಿಂತಿತು. ಈ ಸಲ ನಿಲ್ಲಿಸಿದವಳು ಕುಂಬಾರಗಿತ್ತಿಯಲ್ಲ, ನಾನು. ಆ ಮಗುವಿನ ಬೆನ್ನು ನೋಡಿ ಬಂದವಳು ನಾನೊಬ್ಬಳೇ. ಎಲ್ಲ ತಿಳಿದೂ ಕೈ ತಾನಾಗಿ ಹೋಗಿ ನಲ್ಲಿ ಕಟ್ಟಿತು. ಮತ್ತೆ ತಿರುಗಿಸೋಣವೆಂದರೆ ಆ ಕೈ ಎದ್ದು ಬರಲಿಲ್ಲ. ನಿನ್ನ ಪತ್ರ ಬಂದದ್ದು ಅದರ ಹಿಂದಿನ ದಿನ. ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನೀನು ಹಾಗೆ ತಿಳಿಯಬಾರದು.

ಮರುದಿನ ವಾರ್ಡಿನವರು ನಮ್ಮ ಬಟ್ಟೆಯನ್ನು ಮತ್ತೆ ಬಕೆಟ್ಟಿನಲ್ಲಿ ಅದ್ದಿ ನೋಡಿದರು. ಅಲ್ಲಿಗೆ ಮುಗಿಯಿತು.

ನಮ್ಮಿಂದ ಕೇಂದ್ರಕ್ಕೇ ಕೆಟ್ಟ ಹೆಸರು ಬಂತು. ಮೇಡಂ ನಮಗೆ ಬೇರೆ ಉದ್ಯಮ ಕೊಡಿಸಲು ಓಡಾಡಿದರು, ಆಗಲಿಲ್ಲ. ಒಗೆಯುವ ಜಾಗಕ್ಕೆ ಬೀಗ ಬಿದ್ದಿದೆ. ಕೋಣೆಗಳು ಮೇಣದ ಬತ್ತಿಯವರಿಗೆ ಹೋದವು. ಕಿಟಕಿಯದು ಕೂಡ. ನಾವು ಮಲಗುವ ಜಾಗವನ್ನು ಹೊಸದಾಗಿ ಬರುವವರಿಗೆ ಬಿಟ್ಟುಕೊಡಬೇಕು. ಹಾಲಿನವಳು ಯಾರಿಗೂ ಹೇಳದೆ ಹೊರಟುಹೋದಳು. ಈ ಭಾನುವಾರ ಇಟ್ಟಿಗೆ ಭಟ್ಟಿಯ ಲಾರಿ ಬರುತ್ತದೆ, ನಾನೂ ಕುಂಬಾರಗಿತ್ತಿಯೂ ಹತ್ತುತ್ತೇವೆ. ಯಾವ ಕಡೆ ಎಂದು ಕೇಳಿದರೆ, "ಹೋದ್ಮೇಲೆ ಗೊತ್ತಾಗುತ್ತೆ ಬಾರಮ್ಮ" ಎಂದ ಲಾರಿಯವನು. "ಹೆಂಗೂ ಮಣ್ಣಿನ ಕೆಲ್ಸ, ನಂಗೆ ಬರುತ್ತೆ ಬಿಡು" ಎನ್ನುತ್ತಾಳೆ ಕುಂಬಾರಗಿತ್ತಿ. ಊರಿಗೇ ಬರಬಹುದಿತ್ತು. ಬಂದರೆ ನಿಮ್ಮ ಬಿಂದಿಗೆಗೆ ಇನ್ನೊಂದು ಬಾಯಿ.

ಈ ವಿಳಾಸಕ್ಕೆ ಇನ್ನು ಬರೆಯಬೇಡ. ನೀವು ಯಾರೂ ಇಲ್ಲಿಗೆ ಬರಬೇಡಿ. ಎಲ್ಲಿದ್ದೇನೆ ಎಂದು ತಿಳಿದ ಮೇಲೆ ನಾನೇ ಬರೆಯುತ್ತೇನೆ. ಪೀಪಿಗೆ ಏನು ಹೇಳುವುದು ಎಂದು ನೀನೇ ಯೋಚಿಸು. ನನಗೆ ತಿಳಿಯುತ್ತಿಲ್ಲ.

ಅಕ್ಕ


ಮೇ ೪

ಅಕ್ಕಾ,

ಟ್ಯಾಂಕರ್ ನಿಂತು ತಿಂಗಳು ದಾಟಿತು. ನೀನು ಬರೆದಿದ್ದರೂ ಆ ಪತ್ರ ಪೇಟೆಯಲ್ಲೇ ಬಿದ್ದಿರುತ್ತದೆ. ಫೋಟೋದ ಜೊತೆ ಬಂದದ್ದೇ ಕೊನೆಯದು. ಕೆಲಸ ಹೆಚ್ಚಾಗಿದೆ ಎಂದುಕೊಂಡೆ, ಮಾತು ಕೊಟ್ಟ ಹಾಗೆ ಗಾಬರಿಯಾಗಲಿಲ್ಲ. ಬೇಸಿಗೆಗೆ ಕೋಣೆ ಎಂದಿದ್ದೆ, ಬೇಸಿಗೆ ಬಂತು. ನಾವು ಹೊರಟಿದ್ದೇವೆ. ಕೊನೆಯ ಎರಡು ಮನೆಯವರ ಗಾಡಿಯಲ್ಲಿ ದೊಡ್ಡ ರಸ್ತೆಯವರೆಗೆ, ಅಲ್ಲಿಂದ ಬಸ್ಸು. ಈ ಪತ್ರವನ್ನು ದಾರಿಯಲ್ಲಿ ಅಂಚೆಪೆಟ್ಟಿಗೆ ಕಂಡಲ್ಲಿ ಹಾಕುತ್ತೇನೆ. ಇದಕ್ಕಿಂತ ಮೊದಲು ನಾವೇ ಬಂದರೂ ಬಂದೆವು.

ನಾನು, ಪೀಪಿ. ಇಬ್ಬರೇ.

ಇದನ್ನು ಎದುರಿಗೆ ಹೇಳೋಣವೆಂದಿದ್ದೆ. ಆದರೆ ನೀನು ಬಾಗಿಲಲ್ಲಿ ನಿಂತು ನಮ್ಮ ಹಿಂದೆ ಅಮ್ಮನನ್ನು ಹುಡುಕುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಅಮ್ಮ ಜನವರಿಯಲ್ಲೇ ಹೋದಳು. ಎದ್ದು ಕೂರಲಾಗದವಳು ಹಾಗೇ ಮಲಗಿದಳು. ನೋವು ಹೆಚ್ಚಿರಲಿಲ್ಲ. "ಅವಳಿಗೆ ಈಗ ಹೇಳ್ಬೇಡ" ಎಂದಳು. "ಹೇಳಿದ್ರೆ ಓಡಿ ಬರ್ತಾಳೆ. ಕೈಯಲ್ಲಿರೋ ಬಟ್ಟೆ ಹಿಂಡಿ ಮುಗಿಸ್ಲಿ." ಅದಕ್ಕೇ ನಾನು ಮಲಗಿದ್ದಾಳೆ ಎಂದು ಬರೆದದ್ದು. ಮಾರ್ಚಿನಲ್ಲಿ ಅಮ್ಮನ ಮಾತು ಎಂದು ಬರೆದದ್ದು ನನ್ನದು. ಅವಳ ಹಾಗೆ ನಿನ್ನನ್ನು ಬೈಯಲು ಎಷ್ಟೋ ಪ್ರಯತ್ನಪಟ್ಟೆ, ಬರಲಿಲ್ಲ. ಒಳ್ಳೆಯ ಮಾತಷ್ಟೇ ಬಂತು. ನಿನಗೆ ಆಗಲೇ ಅನುಮಾನ ಬಂದಿರಬೇಕು.

ಅಮ್ಮ ಇದ್ದಷ್ಟು ದಿನ ಅವಳನ್ನು ಬಿಟ್ಟು ಬರುವಂತಿರಲಿಲ್ಲ. ಈಗ ಇಲ್ಲಿ ಹಿಡಿದಿಡುವವರು ಯಾರೂ ಇಲ್ಲ. ಊರ ಕೆರೆಯ ಅಂಗಳದ ಮಣ್ಣು ಬಿರಿದು, ಪೀಪಿಯ ಕಾಲು ಹಿಡಿಸುವಷ್ಟು ದೊಡ್ಡ ಬಿರುಕುಗಳಾಗಿವೆ.

ಸಾಮಾನು ಹೆಚ್ಚಿಲ್ಲ. ಒಂದೇ ದೊಡ್ಡ ಗಂಟು. ಅದು ನಿನ್ನ ಮಗಳದು. ಚಳಿಗಾಲದಿಂದ ಒಗೆಯದೆ ಬಿಟ್ಟದ್ದನ್ನೆಲ್ಲ ಕಟ್ಟಿದ್ದಾಳೆ, ಅವಳದು, ನನ್ನದು, ಅಜ್ಜಿಯ ಹೊದಿಕೆ ಕೂಡ. ಬಿಟ್ಟು ಬಾರೇ, ವಾಸನೆ, ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ ಎಂದೆ. ಗಂಟಿನ ಮೇಲೆಯೇ ಕೂತುಬಿಟ್ಟಳು. "ಅಮ್ಮ ಊರೋರದ್ದೆಲ್ಲ ಒಗೀತಾಳೆ, ನಮ್ದು ಒಗೆಯಲ್ವಾ?" ಎಂದಳು. ಎಷ್ಟೋ ತಿಂಗಳಾದ ಮೇಲೆ ಅವಳ ಹಳೆಯ ದನಿ ಕೇಳಿತು. ಗಂಟಿಗೆ ಇನ್ನೊಂದು ಹಗ್ಗ ಬಿಗಿದೆ.

ಹೊರಡುವ ಮುಂಚೆ ನಿನ್ನ ಮೊದಲ ಪತ್ರವನ್ನು ಅವಳಿಗೆ ಪೂರ್ತಿ ಓದಿದೆ. ಮೂರು ನೀರಿನ ಸಾಲಿಗೆ ಬಂದಾಗ ಕೆಮ್ಮಲಿಲ್ಲ. ಅವಳಿಗೆ ಕೋಪ ಬರಲಿಲ್ಲ ಅಕ್ಕಾ. ಅಜ್ಜಿಯ ಹೊದಿಕೆಯನ್ನು ಹಾಗೆಯೇ ಒಗೆಯಬೇಕಂತೆ, ಮೂರು ಹೊಸ ನೀರು ಹಾಕಿ. ಮೂರನೆಯದನ್ನು ತಾನೇ ಚೆಲ್ಲುತ್ತಾಳಂತೆ. ಅದು ಹರಿದುಹೋಗುವುದನ್ನು ಚರಂಡಿಯ ಕೊನೆಯವರೆಗೂ ನೋಡಬೇಕಂತೆ.

ಬಸ್ಸು ಎಷ್ಟು ಹೊತ್ತಿಗೆ ತಲುಪುತ್ತದೋ ಗೊತ್ತಿಲ್ಲ. ನೀನು ನಮ್ಮನ್ನು ಹುಡುಕಿಕೊಂಡು ಎಲ್ಲೂ ಹೋಗಬೇಡ. ಫೋಟೋ ಜೊತೆಗಿದೆ, ಜಾಗ ಗುರುತು ಹಿಡಿಯುತ್ತೇವೆ. ನಲ್ಲಿಯ ಹತ್ತಿರವೇ ಇರು.

ತಂಗಿ